ಎಡಗಾಲಿನ ಚಪ್ಪಲಿ

ಮಾಷ್ಟ್ರೇ, ನಿಮ್ಮ ಎಡಗಾಲಿನ ಸ್ಪರ್ಶ ಸತ್ತಿದೆ ಎಂಬುದು ನಿಮಗಿಂತ ಮೊದಲು ನನಗೆ ಗೊತ್ತಾಗಿತ್ತು. ಹೇಳಲಿಲ್ಲ. ನಕಲು ಮಾಡಿದೆ.

ನಾಲ್ಕು ವರ್ಷದಿಂದ ಇದನ್ನು ನುಂಗಿಕೊಂಡಿದ್ದೇನೆ — ಊರವರ ದನಿಯೆಲ್ಲ ಹೊರಡುವ ಈ ಬಾಯಿಂದ ಇದೊಂದು ಮಾತ್ರ ಹೊರಟಿಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿತ್ತು. ಈಗಲೂ ಉಂಟು, ಸುಳ್ಳು ಯಾಕೆ? ಎಂಟನೇ ಕ್ಲಾಸಿನಲ್ಲಿ ನಿಮ್ಮ ಹಾಗೆಯೇ ದನಿ ತೆಗೆದು ಸಿಕ್ಕಿಬಿದ್ದೆ. ನೀವು, ನಮ್ಮ ಪಿ.ಟಿ. ಮಾಷ್ಟ್ರು, ನಿಮ್ಮ ವಿಷಲನ್ನೇ ನನ್ನ ಬಾಯಿಗೆ ತುರುಕಿ ಮೈದಾನಕ್ಕೆ ಐದು ಸುತ್ತು ಓಡಿಸಿದಿರಿ. ಒಂದೊಂದು ಏದುಸಿರಿಗೂ ಒಂದೊಂದು ಪೀಂ. ಇಡೀ ಶಾಲೆ ನಕ್ಕಿತು. "ಮಂಗನಿಗೆ ಈಗ ಸ್ವಂತ ದನಿ ಬಂತು ನೋಡಿ" ಎಂದಿರಿ. ಆ ನಗುವನ್ನು ನಿಮಗೆ ವಾಪಸ್ ಕೊಡಬೇಕೆಂದು ಕಾದೆ.

ಬೆಳ್ತಂಗಡಿಯಲ್ಲಿ ಸಕ್ಕರೆ ಕಾಯಿಲೆಯ ಶಿಬಿರ. ಯುವಕ ಮಂಡಲದ ಪರವಾಗಿ ಕುರ್ಚಿ ಹಾಕಲು ಹೋದವನು ಡಾಕ್ಟರರ ದನಿ ಕದ್ದು ತಂದೆ. ಮೂಗಿನಿಂದ ಹೊರಡುವ ಮಾತು: "ತೂಕದ ಮೆಷಿನನ್ನು ನಂಬಬೇಡಿ. ತೊಡೆಯ ಮಾಂಸ ಕರಗಿ ಹೊಟ್ಟೆಯೊಳಗೆ ಕೊಬ್ಬು ತುಂಬಿದರೂ ಮುಳ್ಳು ಅಲ್ಲೇ ನಿಲ್ತದೆ. ಚಪ್ಪಲಿ ಜಾರಿದ್ದು ಗೊತ್ತಾಗದೆ ನಡೆಯುವವರು ಇದ್ದರೆ ಕೂಡಲೇ ಕರ್ಕೊಂಡು ಬನ್ನಿ." ವಾರವಿಡೀ ಅಂಗಡಿ ಜಗಲಿಗಳಲ್ಲಿ ಇದನ್ನೇ ಹೇಳಿ ನಗಿಸಿದೆ.

ಮರುವಾರ ವೇಣೂರಿನ ಬಸ್ ಸ್ಟ್ಯಾಂಡಿನಲ್ಲಿ ನೀವು. ನಿವೃತ್ತರಾಗಿದ್ದಿರಿ. ಅಂಗಿಯ ಗುಂಡಿ ಎಳೆಯುವ ಹೊಟ್ಟೆ, ಪ್ಯಾಂಟಿನೊಳಗೆ ಎರಡು ಕೋಲು. "ಶುಗರ್ ಇದ್ದರೆ ಏನಾಯ್ತು ಮಾರಾಯ? ಇಪ್ಪತ್ತು ವರ್ಷದಿಂದ ನನ್ನ ತೂಕ ಅಷ್ಟೇ ಉಂಟು" ಎಂದು ಯಾರಿಗೋ ಕೊಚ್ಚಿಕೊಂಡು ಹೊರಟಿರಿ. ಎಡಗಾಲಿನ ಚಪ್ಪಲಿ ಹಿಂದೆಯೇ ಉಳಿಯಿತು. ನೀವು ನಡೆಯುತ್ತಲೇ ಇದ್ದಿರಿ — ಬಿಸಿ ಡಾಂಬರಿನ ಮೇಲೆ, ಹತ್ತು ಹದಿನೈದು ಹೆಜ್ಜೆ.

ಡಾಕ್ಟರರ ಮಾತು ನನ್ನ ನಾಲಗೆಯ ಮೇಲೇ ಇತ್ತು. ಕೂಗಿದ್ದರೆ — ಕೂಗಲಿಲ್ಲ. ಕಾಲು ಹೇಗೆ ಬೀಳುತ್ತದೆಂದು ನೋಡುತ್ತಿದ್ದೆ. ಸ್ಟೇಜಿಗೆ ಹೊಸ ಐಟಂ ಸಿಕ್ಕಿತ್ತು.

ಮಂಡಲದ ವಾರ್ಷಿಕೋತ್ಸವದಲ್ಲಿ ಅಂಗಿಯೊಳಗೆ ತಲೆದಿಂಬು ಇಟ್ಟು ನಿಮ್ಮಂತೆ ನಡೆದೆ. ಚಪ್ಪಲಿ ಬಿಟ್ಟು ಮುಂದೆ ಹೋದೆ. ಮೂರನೇ ಸಾಲಿನಲ್ಲಿದ್ದ ನಿಮ್ಮೊಬ್ಬರನ್ನು ಬಿಟ್ಟು ಎಲ್ಲರೂ ಬಿದ್ದು ಬಿದ್ದು ನಕ್ಕರು.

ಆಮೇಲೆ ನೀವು ಚಪ್ಪಲಿ ಮೆಟ್ಟಲಿಲ್ಲ. ಮೂಡುಬಿದಿರೆಯಿಂದ ಬಿಗಿಯಾದ ಶೂ ತಂದಿರಿ — ಜಾರಬಾರದಲ್ಲ, ಯಾರೂ ನಗಬಾರದಲ್ಲ. ಶೂ ಕಚ್ಚಿತು. ಕಚ್ಚಿದ್ದು ನಿಮಗೆ ಗೊತ್ತಾಗಲಿಲ್ಲ. ಕಾಲುಚೀಲ ಒದ್ದೆಯಾಗಿ ವಾಸನೆ ಬಂದಾಗ ನಿಮ್ಮ ಮನೆಯವರು ನೋಡಿದರಂತೆ. ಮೂರು ಬೆರಳು ಹೋದವು.

ಆಸ್ಪತ್ರೆಗೆ ಬಂದೆ — ಸಕ್ಕರೆ ಕಾಯಿಲೆಯವರಿಗೆ ಕ್ರೀಂ ಬಿಸ್ಕೆಟ್ ಹಿಡಿದುಕೊಂಡು, ಅಷ್ಟು ಬುದ್ಧಿವಂತ ನಾನು. ಗೋಡೆಯ ಕಡೆ ತಿರುಗುವ ಮೊದಲು ನೀವು ಕೇಳಿದಿರಿ:

"ಏನು, ಹೊಸ ಐಟಂ ನೋಡ್ಲಿಕ್ಕೆ ಬಂದದ್ದಾ?"

ಅಲ್ಲ ಎನ್ನಬೇಕಿತ್ತು. ಆದರೆ ಬ್ಯಾಂಡೇಜಿನ ಕಾಲನ್ನು ನೀವು ಹೇಗೆ ಎತ್ತಿಡುತ್ತೀರಿ ಎಂದು ನನ್ನ ಕಣ್ಣು ಆಗಲೇ ಕಲಿಯುತ್ತಿತ್ತು. ಥೂ.

ನಿನ್ನೆ ಬಂಟ್ವಾಳದ ಪೇಟೆಯಲ್ಲಿ ಕೋಲೂರಿಕೊಂಡು ಬರುತ್ತಿದ್ದಿರಿ. ನನ್ನನ್ನು ಕಂಡು ನಿಂತುಬಿಟ್ಟಿರಿ. ನಾನು ದಾಟಿ ಹೋಗುವವರೆಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ನನ್ನೆದುರು ನೀವಿನ್ನು ನಡೆಯುವುದಿಲ್ಲ —

ಈ ಕಾಗದ ಕಳಿಸಿದರೆ ಹರಿದು ಹಾಕುತ್ತೀರಿ. ಆದ್ದರಿಂದ ನಾಳೆ ನಾನೇ ಬಂದು ಓದುತ್ತೇನೆ. ನೀವು ಕುರ್ಚಿಯಿಂದ ಏಳಬೇಡಿ. ದನಿ ನನ್ನದೇ ಇರುತ್ತದೆ. ಅದು ಹೇಗಿದೆಯೋ, ನನಗೂ ಗೊತ್ತಿಲ್ಲ.