ಸಂದರ್ಶನದಲ್ಲಿ ಏರಿಸದ ನಶ್ಯ

ತಪ್ಪು ನನ್ನದೇ, ಬೇರೆ ಯಾರ ಮೇಲೂ ಹೊರಿಸುವಂತಿಲ್ಲ. ನಿನ್ನೆ ಕುಂದಗೋಳದ ಬಸ್ಸಿನಲ್ಲಿ ಪಕ್ಕದವರು ನಶ್ಯದ ಡಬ್ಬಿ ತೆಗೆದರು. ಘಾಟು ಬಡಿದದ್ದೇ ತಡ, ನನ್ನ ಎರಡು ಬೆರಳು ತಾವಾಗಿಯೇ ಮೂಗಿನ ಕಡೆ ಹೊರಟವು. ನಾನು ನಶ್ಯ ಏರಿಸುವವನಲ್ಲ. ನನ್ನ ರೋಗ ಬೇರೆ. ಯಾರ ಜೊತೆಗಾದರೂ ಎರಡು ಮಾತು ಆಡುವುದರೊಳಗೆ ಅವರ ದನಿ, ಅವರ ಕತ್ತು, ಅವರ ಕೆಮ್ಮು ಎಲ್ಲ ನನಗೆ ಅಂಟಿಬಿಡುತ್ತವೆ. ಹಾಗೆ ಅಂಟಿದ್ದಕ್ಕೇ ನನ್ನ ಎಂ.ಎಸ್ಸಿ. ಸೀಟು ಹೋಗುವುದರಲ್ಲಿತ್ತು.

ಬೆಲ್ ಬಾಟಂ ಪ್ಯಾಂಟು ನಮ್ಮ ಯರಗುಪ್ಪಿಗೆ ಆಗತಾನೇ ಬಂದ ಕಾಲ. ಒಂದು ನನ್ನ ಕಾಲಿಗೂ ಬಂದಿತ್ತು. ನಡೆದರೆ ಓಣಿಯ ಕಸ ತಾನೇ ಗುಡಿಸುತ್ತಿತ್ತು. ಬಿ.ಎಸ್ಸಿ. ಮುಗಿದಿತ್ತು. ಮುಂದೆ ಸಂಖ್ಯಾಶಾಸ್ತ್ರ ಓದುತ್ತೇನೆ ಎಂದೆ. ಕಾಕಾ ಎಲೆಗೆ ಸುಣ್ಣ ಹಚ್ಚುತ್ತಲೇ ಕೇಳಿದ:

"ಅದರಾಗ ಏನ್ ಮಾಡೂದ್ಲೇ?"

"ಎಣಸೂದು, ಅಂದಾಜು ಹಾಕೂದು, ಕಾಕಾ."

"ಅದಕ್ಕ ಧಾರವಾಡಕ್ಯಾಕ ಹೋಗಬೇಕು? ನಮ್ಮ ಅಂಗಡ್ಯಾಗ ಗೊಬ್ಬರದ ಚೀಲ ಬಂದಾವು, ಎಣಸು."

ನೀವು ನಗುತ್ತೀರಿ. ಸೀಟು ಸಿಗದಿದ್ದರೆ ಅಂಗಡಿಯಲ್ಲಿ ಕೂಡುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಯೂರಿಯಾ ವಾಸನೆಯಲ್ಲಿ ಮುದುಕನಾಗುತ್ತಿರುವ ನನ್ನನ್ನು ನಾನೇ ಕಣ್ಣಾರೆ ಕಂಡು ಧಾರವಾಡದ ಬಸ್ಸು ಹತ್ತಿದೆ.

ಸಂದರ್ಶನಕ್ಕೆ ಇಬ್ಬರು ಕುಳಿತಿದ್ದರು. ವಿಭಾಗದ ಮುಖ್ಯಸ್ಥರು ಮಾತಿಗೆ ಮೊದಲು "ಹೂಂ..." ಎಂದು ಎಳೆದು, ಕತ್ತನ್ನು ಎಡಕ್ಕೆ ವಾಲಿಸಿ, ಒಂದು ಚಿಟಿಕೆ ನಶ್ಯ ಏರಿಸುತ್ತಿದ್ದರು. ಆಮೇಲೆ ಒಡಕು ಹಂಡೆಯಂಥ ದನಿ ಹೊರಬರುತ್ತಿತ್ತು.

"ಹೂಂ... ನಿಮ್ಮೂರಾಗ ಜ್ವಾಳಾ ಎಷ್ಟ ಬೆಳದೈತಿ ಅಂತ ತಿಳೀಬೇಕು. ಎಲ್ಲಾ ಹೊಲಾ ಅಳಿಯಾಕ ಆಗೂದಿಲ್ಲ. ಏನ್ ಮಾಡ್ತಿ?"

ಉತ್ತರ ಗೊತ್ತಿತ್ತು. ಗೊತ್ತಿದ್ದ ಖುಷಿಯೇ ನನ್ನನ್ನು ಕೆಡಿಸಿತು. "ಹೂಂ..." ಎಂದೆ. ಕತ್ತು ಎಡಕ್ಕೆ ವಾಲಿತು. ಬೆರಳು ಮೂಗಿಗೆ ಹೋಗಿ, ಇಲ್ಲದ ನಶ್ಯ ಸರ್ರನೆ ಒಳಗೇರಿತು. ಆಮೇಲೆ ಅದೇ ಹಂಡೆಯ ದನಿ: "ಚೀಟಿ ಎತ್ತಿ ಒಂದಿಷ್ಟು ಹೊಲಾ ಆರಸಬೇಕ್ರಿ. ರಸ್ತೆ ಬಾಜೂದ ಚಲೋ ಹೊಲಾ ಅಷ್ಟ ನೋಡಿದ್ರ ಅಂದಾಜು ತಪ್ಪತೈತ್ರಿ."

ಇನ್ನೊಬ್ಬ ಸಂದರ್ಶಕರು ಕಿಟಕಿಯ ಕಡೆ ತಿರುಗಿದರು. ಅವರ ಹೆಗಲು ಕುಣಿಯುತ್ತಿತ್ತು. ಮುಖ್ಯಸ್ಥರು ಮಾತ್ರ ಡಬ್ಬಿ ಮುಚ್ಚಿ ನನ್ನನ್ನೇ ನೋಡಿದರು.

"ಇನ್ನೊಮ್ಮೆ ಹೇಳು. ನಿನ್ನ ದನಿಯಾಗ."

ನನ್ನ ದನಿಗಾಗಿ ಒಳಗೆಲ್ಲ ತಡಕಾಡಿದೆ. ಬೇಕಾದಾಗಲೇ ಅದು ಸಿಗಲೊಲ್ಲದು. ಬಾಯಿ ತೆರೆದರೆ ಎಲೆ ಜಗಿಯುತ್ತ ಮಾತಾಡಿದಂತೆ ಬಂತು.

"ಇದು ಯಾರದು?"

"ನಮ್ಮ ಕಾಕಾಂದ್ರಿ."

ಕಿಟಕಿಯ ಕಡೆಯವರು ಎದ್ದು ಹೊರಗೇ ಹೋದರು. ಮುಗಿಯಿತು, ಚೀಲ ಎಣಿಸುವುದೇ ಗತಿ ಎಂದುಕೊಂಡು ನಾನೂ ಎದ್ದೆ. ಮುಖ್ಯಸ್ಥರು ಒಂದು ಚಿಟಿಕೆ ನಶ್ಯ ಏರಿಸಿ, ಸೀನಿ, ಕರವಸ್ತ್ರ ಮಡಚಿ ಹೇಳಿದರು:

"ಉತ್ತರಾ ಬರೋಬರಿ ಐತಿ. ಸೋಮವಾರ ಕ್ಲಾಸಿಗೆ ಬಾ. ಆದ್ರ ಒಬ್ಬನ ಬಾ, ತಮ್ಮಾ. ಸೀಟು ಒಂದ ಕೊಟ್ಟೀನಿ."