ಅಕ್ಕೋರು ಮರಾಠಿಯಲ್ಲಿ ಹೇಳಿದ್ದು

ಮೊನ್ನೆ ನಿಪ್ಪಾಣಿ ಪೇಟೆಯಲ್ಲಿ ಹಳೆಯ ತಂಬಾಕಿನ ಗೋದಾಮು, ವಖಾರವೊಂದರ ಬಾಗಿಲು ತೆರೆದಿತ್ತು. ತಂಬಾಕಿನ ಘಾಟು ಮೂಗಿಗೆ ಬಡಿದು ಸೀನು ಬಂತು. ಅದರ ಹಿಂದೆಯೇ ಅಕ್ಕೋರ ನೆನಪು...

ನಾನು ರಾಯಬಾಗದ ಕಡೆಯಿಂದ ಲಗ್ನವಾಗಿ ಈ ಊರಿಗೆ ಬಂದಾಗ ಅಕ್ಕೋರು ನಮ್ಮ ಪಕ್ಕದ ಮನೆಯವರು. ಮರಾಠಿ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು; ನಮ್ಮ ಕಡೆ ಶಿಕ್ಷಕಿಗೆ ಅಕ್ಕೋರು ಅನ್ನುತ್ತಾರೆ. ಎರಡೂ ಭಾಷೆ ಅವರಿಗೆ ತವರಿನ ಭಾಷೆಯೇ. ಮಕ್ಕಳು ಅನುವಾದದಲ್ಲಿ ಒಂದು ಶಬ್ದ ತಪ್ಪಿದರೂ ಮತ್ತೆ ಬರೆಸುತ್ತಿದ್ದರು.

ಎಂಬತ್ತರ ದಶಕದ ಕೊನೆಯ ದಿನಗಳು. ಗಡಿಯ ಜಗಳ ಊರೊಳಗೆ ಬಂದಿತ್ತು. ಬಸ್ಸಿಗೆ ಬೆಂಕಿ ಬಿದ್ದಿತ್ತು, ಅಂಗಡಿಗಳು ಮುಚ್ಚಿದ್ದವು. ಬೀಡಿ ಕಟ್ಟುವವರಿಗೆ ಕೆಲಸವಿರಲಿಲ್ಲ. ಯಾರೋ ಸತ್ತರಂತೆ, ಎಲ್ಲೋ ಗುಂಡು ಹಾರಿತಂತೆ ಎಂಬ ಸುದ್ದಿ ಓಣಿಯಿಂದ ಓಣಿಗೆ ಓಡುತ್ತಿತ್ತು. ಜನರನ್ನು ಸಮಾಧಾನ ಮಾಡಲು ಮಂತ್ರಿಯೊಬ್ಬರು ಬರುತ್ತಾರೆಂದು ಶಾಲೆಯ ಮೈದಾನದಲ್ಲಿ ಸಭೆ ಇಟ್ಟರು. ಅವರ ಕನ್ನಡವನ್ನು ಮರಾಠಿಯಲ್ಲಿ ಹೇಳಲು ಅಕ್ಕೋರನ್ನು ಕರೆದರು.

ಮೊದಮೊದಲು ಎಲ್ಲ ನೆಟ್ಟಗೆ ನಡೆಯಿತು. ನಡುವೆ ಯಾರೋ ಒಬ್ಬ ಧಿಕ್ಕಾರ ಕೂಗಿದ. ಮಂತ್ರಿಗಳ ಮುಖ ಕೆಂಪಾಯಿತು.

"ಇಷ್ಟ ಇದ್ರೆ ಇಲ್ಲಿರಿ, ಇಲ್ಲಾಂದ್ರೆ ಗಡಿ ದಾಟಿ ಹೋಗಿ. ಗಲಾಟೆ ಮಾಡಿದ್ರೆ ಲಾಠಿ ಮಾತಾಡುತ್ತೆ!"

ಅಲ್ಲಿದ್ದ ಬಹಳ ಮಂದಿಗೆ ಕನ್ನಡ ಬರುತ್ತಿತ್ತು. ಆದರೂ ಎಲ್ಲರ ಕಣ್ಣು ಅಕ್ಕೋರ ಮೇಲೆ. ಹಿಂದಿನ ಸಾಲಿನ ಹುಡುಗರ ಕೈಯಲ್ಲಿ ಕಲ್ಲುಗಳಿದ್ದವು. ಅಕ್ಕೋರು ಆ ಹುಡುಗರನ್ನು ನೋಡಿ ಮೈಕು ಹಿಡಿದರು. ಆಮೇಲೆ ಮೆಲ್ಲಗೆ ಅಂದರು:

"ಸಾಹೇಬ ಮ್ಹಣತಾತ, ಹೇ ಗಾವ ತುಮಚಂಚ ಆಹೇ. ಆತಾ ಘರೀ ಜಾ."

ಈ ಊರು ನಿಮ್ಮದೇ, ಈಗ ಮನೆಗೆ ಹೋಗಿರಿ, ಎಂದು. ಮುಂದೆ ಕೂತಿದ್ದ ಮುದುಕಿಯೊಬ್ಬಳು ಎದ್ದು ಸೀರೆಯ ಧೂಳು ಕೊಡವಿಕೊಂಡಳು. ಅವಳ ಹಿಂದೆ ಒಬ್ಬೊಬ್ಬರೇ ಎದ್ದರು. ತಮ್ಮ ಗದರಿಕೆಗೆ ಜನ ಬಗ್ಗಿದರೆಂದು ಮಂತ್ರಿಗಳು ಖುಷಿಯಿಂದ ಕಾರು ಹತ್ತಿದರು.

ಸಂಜೆ ನಾನು ಕೇಳಿದೆ, "ಯಾಕ್ರಿ ಅಕ್ಕೋರ, ಹಂಗ ಹೇಳಿದ್ರಿ?"

"ಅವರು ಅಂದದ್ದು ಎಲ್ಲಾರಿಗೂ ತಿಳದಿತ್ತವಾ. ನನ್ನ ಮಾರಿ ನೋಡಾಕತ್ತಿದ್ರು. ಕಲ್ಲು ಹಿಡದಾವ್ರು ನಾ ಕಲಿಸಿದ ಹುಡುಗೂರು... ಏನ್ ಮಾಡ್ಲಿ?" ಮತ್ತೆ ತಾವೇ, "ಆದ್ರ ಸುಳ್ಳ ಹೇಳೀನಿ. ನಾಳೆ ಸಾಲ್ಯಾಗ ಯಾವ ಬಾಯಿಲೆ ಕಲಿಸ್ಲಿ?" ಅಂದರು.

ಯಾರೋ ಮಂತ್ರಿಗಳ ಕಿವಿಗೆ ಹಾಕಿದರು. ಅಕ್ಕೋರಿಗೆ ಅಥಣಿ ತಾಲೂಕಿನ ಕೊನೆಯ ಹಳ್ಳಿಗೆ ವರ್ಗವಾಯಿತು. ಅದೇ ವಾರ ಇತ್ತ ಮರಾಠಿ ಕಡೆಯವರು, ಮಂತ್ರಿಯ ಬೆದರಿಕೆ ಮುಚ್ಚಿಟ್ಟರೆಂದು, ಅವರ ಬಾಗಿಲಿಗೆ ಡಾಂಬರು ಬಳಿದು "ಫಿತೂರ" ಎಂದು ಬರೆದರು. ದ್ರೋಹಿ ಎಂದರ್ಥ. ಎರಡೂ ಕಡೆಗೆ ಅವರು ಬೇಡವಾದರು. ನಾನೂ ಅಕ್ಕೋರೂ ಸೀಮೆಎಣ್ಣೆ ಹಚ್ಚಿ ತಿಕ್ಕಿದೆವು. ಪೂರ್ತಿ ಹೋಗಲಿಲ್ಲ. ಬೀಳ್ಕೊಡಲು ಬಸ್‌ಸ್ಟ್ಯಾಂಡಿಗೆ ಬಂದವರು ನಾವಿಬ್ಬರು ಗಂಡಹೆಂಡತಿ ಮಾತ್ರ.

ಆ ಹಳ್ಳಿಯಲ್ಲಿ ಅವರು ಮತ್ತೆಂದೂ ಮೈಕು ಹಿಡಿಯಲಿಲ್ಲವಂತೆ. ಕೆಲವು ವರ್ಷದ ಮೇಲೆ ತೀರಿಕೊಂಡರು. ಸುದ್ದಿ ನಮಗೆ ಮುಟ್ಟುವಷ್ಟರಲ್ಲಿ ದಿನಕರ್ಮವೂ ಮುಗಿದಿತ್ತು...

ಹೋದ ಚುನಾವಣೆಯಲ್ಲಿ ಅದೇ ಮೈದಾನಕ್ಕೆ ಹೋಗಿದ್ದೆ. ಹೊಸ ನಾಯಕನೊಬ್ಬ ಅಂಥದೇ ಮಾತಾಡಿದ. ಜನ ಸೀಟಿ ಹೊಡೆದರು, ಮೊಬೈಲು ಎತ್ತಿ ಹಿಡಿದರು. ಅವನು ಅಂದದ್ದು ಅಂದಂತೆಯೇ ಹಳ್ಳಿಹಳ್ಳಿಗೆ ಹೋಯಿತು. ನಾನು ಅವನ ಪಕ್ಕದ ಜಾಗ ನೋಡಿದೆ. ಅಲ್ಲಿ ಯಾರೂ ನಿಂತಿರಲಿಲ್ಲ.