ಬಾಗಿಲಲ್ಲಿ ಬಿಚ್ಚಿಟ್ಟ ಬೂಟು

ನನ್ನನ್ನು ಹಿಂದಿನಿಂದ ಯಾರೋ ಒದ್ದರು. ಯಾರೋ ಏನು, ನಮ್ಮ ಶಾಲೆಯ ಗಣಿತದ ಟೀಚರೇ ಒದ್ದರು. ಹಾಗೆಂದು ನಾನು ನಂಬಿದ್ದು ಮಾತ್ರವಲ್ಲ, ಬೆಳ್ತಂಗಡಿಯ ಮೈದಾನದಲ್ಲಿ ತಾಲೂಕಿನ ಅರ್ಧದಷ್ಟು ಶಿಕ್ಷಕರ ಎದುರು ಬಾಯಿಬಿಟ್ಟು ಹೇಳಿಯೂ ಬಿಟ್ಟೆ.

ಶಿಕ್ಷಕರ ಕ್ರೀಡಾಕೂಟದ ದಿನ ಅದು. ಮಹಿಳೆಯರ ತ್ರೋಬಾಲ್. ನಾನು ನಡುವಿನ ಸಾಲಿನಲ್ಲಿ, ಗಣಿತದ ಟೀಚರ್ ನನ್ನ ಹಿಂದಿನ ಸಾಲಿನಲ್ಲಿ. ತಲೆಯ ಮೇಲಿಂದ ಹೋಗುತ್ತಿದ್ದ ಚೆಂಡನ್ನು ಅದರ ಪಾಡಿಗೆ ಬಿಟ್ಟಿದ್ದರೆ ಅವರು ಆರಾಮಾಗಿ ಹಿಡಿಯುತ್ತಿದ್ದರು. ಆದರೆ ನಲವತ್ತೊಂಬತ್ತನೇ ವಯಸ್ಸಿನಲ್ಲಿ ಒಮ್ಮೊಮ್ಮೆ ಇಪ್ಪತ್ತರ ಹುಚ್ಚು ಬರುತ್ತದೆ. ಎಡಗಾಲನ್ನು ಒತ್ತಿ ಹಾರಿದೆ. ಹಿಮ್ಮಡಿಯ ಮೇಲ್ಗಡೆ ಟಪ್ ಎಂದಿತು. ಮರುಕ್ಷಣ ನಾನು ನೆಲದ ಮೇಲೆ. ಬಿದ್ದಲ್ಲಿಂದಲೇ ತಿರುಗಿ ಕೇಳಿದೆ:

"ಒದ್ದದ್ದು ಯಾಕೆ ಟೀಚರೇ?"

ಅವರು ನನ್ನಿಂದ ಮೂರು ಮಾರು ದೂರ ಇದ್ದರು. ಅಷ್ಟು ಉದ್ದದ ಕಾಲು ಅವರಿಗಿಲ್ಲ. ಆದರೂ ಪಾಪ, ಮುಖ ಬಿಳುಚಿಕೊಂಡು, "ಅಯ್ಯೋ ಸಾರಿ ಟೀಚರೇ, ನನಗೆ ಗೊತ್ತೇ ಆಗ್ಲಿಲ್ಲ" ಎಂದರು. ಒಳ್ಳೆಯವರ ಕಷ್ಟವೇ ಇದು. ಮಾಡದ ತಪ್ಪಿಗೂ ಅವರಲ್ಲಿ ಕ್ಷಮೆ ರೆಡಿ ಇರುತ್ತದೆ.

ನಾವಿಬ್ಬರೂ ಹನ್ನೊಂದು ವರ್ಷದಿಂದ ಒಂದೇ ಶಾಲೆ. ಅವರ ಮನೆ ಮೆಲ್ಕಾರಿನಲ್ಲಿ, ನನ್ನದು ಬಂಟ್ವಾಳದಲ್ಲಿ. ಬೆಳಿಗ್ಗೆ ಅವರು ಕಾರಿನಲ್ಲಿ ಬರುವಾಗ ದಾರಿಯಲ್ಲಿ ನನ್ನನ್ನು ಹತ್ತಿಸಿಕೊಳ್ಳುತ್ತಾರೆ. ಮಧ್ಯಾಹ್ನ ಅವರ ಬುತ್ತಿಯ ಪತ್ತಿರ್ ರೊಟ್ಟಿ ನನಗೆ, ನನ್ನ ಬುತ್ತಿಯ ನೀರುದೋಸೆ ಅವರಿಗೆ. ಎರಡೂ ಅಕ್ಕಿಯದ್ದೇ, ಆದರೂ ಬದಲಾಯಿಸಿಕೊಳ್ಳದಿದ್ದರೆ ಊಟ ಸೇರುವುದಿಲ್ಲ. ಹೊರಟ ಮೇಲೆ ನಾನು "ಗ್ಯಾಸ್ ಆಫ್ ಮಾಡಿದ್ದೇನಾ" ಎಂದು ಹೇಳಿದರೆ, ಏನೂ ಮಾತನಾಡದೆ ಕಾರು ತಿರುಗಿಸುವವರು ಜಗತ್ತಿನಲ್ಲಿ ಅವರೊಬ್ಬರೇ. ನಮ್ಮವರಾದರೆ ಫೋನಿನಲ್ಲೇ ನಗುತ್ತಾರೆ.

ಅಂಥವರ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ನಾನು ಮೂಡುಬಿದಿರೆಗೆ ಹೊರಟೆ. ಮೂಳೆ ಡಾಕ್ಟರು ಅಲ್ಲಿದ್ದರು. ಗುರುವಾಯನಕೆರೆ ದಾಟಿ ವೇಣೂರಿಗೆ ಬರುವಾಗ ಅಳುತ್ತಿದ್ದದ್ದು ನಾನಲ್ಲ, ಅವರು.

"ತುಂಬಾ ನೋವುಂಟಾ ಟೀಚರೇ?"

"ಅಷ್ಟೇನಿಲ್ಲ."

"ನನಗೆ ಬೇಜಾರಾಗ್ತದೆ ಅಂತ ಸುಳ್ಳು ಹೇಳ್ತಿದ್ದೀರಿ."

ನಾನು ದೊಡ್ಡ ಮನಸ್ಸು ಮಾಡಿ, "ಹೋಗ್ಲಿ, ನೀವು ಬೇಕಂತ ಒದ್ದದ್ದಲ್ವಲ್ಲ" ಎಂದೆ. ಆ ದೊಡ್ಡ ಮನಸ್ಸು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಡಾಕ್ಟರು ನನ್ನನ್ನು ಕವುಚಿ ಮಲಗಿಸಿದರು. ಬಲಗಾಲಿನ ಮೀನಖಂಡವನ್ನು ಹಿಂಡಿದಾಗ ಪಾದ ಹೌದು ಹೌದು ಎಂಬಂತೆ ಅಲ್ಲಾಡಿತು. ಆಮೇಲೆ ಎಡಗಾಲನ್ನು ಎಲ್ಲೋ ಮುಟ್ಟಿದ ಹಾಗಾಯಿತು, ಅಷ್ಟೇ. "ಎಡಗಾಲು ಯಾವಾಗ ನೋಡ್ತೀರಿ ಡಾಕ್ಟ್ರೇ?" ಎಂದು ಕೇಳಿದೆ.

"ನೋಡಿ ಆಯ್ತಲ್ಲ. ಎರಡು ಸಲ ಹಿಂಡಿದೆ. ಪಾದ ಅಲ್ಲಾಡ್ತಾ ಇಲ್ಲ." ಕೈ ತೊಳೆಯುತ್ತಾ ಕೇಳಿದರು, "ಯಾರೋ ಹಿಂದಿನಿಂದ ಒದ್ದ ಹಾಗೆ ಆಯ್ತಾ?"

"ಒದ್ದ ಹಾಗೆ ಅಲ್ಲ, ಒದ್ದದ್ದೇ. ಇವರೇ."

ಡಾಕ್ಟರು ಜೋರಾಗಿ ನಕ್ಕರು. "ಈ ಸ್ನಾಯುರಜ್ಜು ಹರಿದವರು ಸುಮಾರು ಜನ ಹಾಗೇ ಹೇಳುವುದು ಮಾರಾಯ್ರೇ. ತಿರುಗಿ ನೋಡಿದ್ರೆ ಹಿಂದೆ ಯಾರೂ ಇರುವುದಿಲ್ಲ. ನಿಮ್ಮ ಗ್ರಹಚಾರಕ್ಕೆ ಇವರು ಇದ್ರು."

ಗಣಿತದ ಟೀಚರ ಅಳು ನಿಂತಿತು. "ಅಂದ್ರೆ ನಾನು ಒದ್ದದ್ದಲ್ಲ?"

"ಅಲ್ಲ."

ನನ್ನ ಕಡೆ ತಿರುಗಿದರು. "ಮತ್ತೆ ನಾನು ವೇಣೂರಿನಿಂದ ಇಲ್ಲಿವರೆಗೆ ಅತ್ತದ್ದು ಯಾವ ಲೆಕ್ಕಕ್ಕೆ?"

ನಾನು ವಿಜ್ಞಾನದ ಟೀಚರ್ ಎಂಬುದನ್ನು ಇಲ್ಲಿ ಹೇಳಲೇಬೇಕು. ಸ್ನಾಯುವನ್ನು ಮೂಳೆಗೆ ಜೋಡಿಸುವುದು ಯಾವುದು? ಸ್ನಾಯುರಜ್ಜು. ಒಂದು ಅಂಕದ ಪ್ರಶ್ನೆ. ಇಪ್ಪತ್ತು ವರ್ಷದಿಂದ ಅದನ್ನು ಅಸ್ಥಿರಜ್ಜು ಎಂದು ಬರೆದ ಮಕ್ಕಳಿಗೆ ಸೊನ್ನೆ ಕೊಟ್ಟವಳು ನಾನು. ನನ್ನದೇ ಹರಿದಾಗ ಪಕ್ಕದವರ ಮೇಲೆ ಹಾಕಿದೆ.

ಸ್ಕ್ಯಾನಿನಲ್ಲಿ ಪೂರ್ತಿ ಹರಿದದ್ದು ಕಂಡಿತು. ಆದರೆ ಪಾದವನ್ನು ಕೆಳಮುಖ ಮಾಡಿದರೆ ಎರಡು ತುದಿಗಳೂ ಹತ್ತಿರ ಬರುತ್ತಿದ್ದವು. ಆಪರೇಷನ್ ಮಾಡಿ ಹೊಲಿಯಬಹುದು, ಇಲ್ಲವೇ ಪಾದವನ್ನು ಹಾಗೇ ಕೆಳಮುಖವಾಗಿ ಹಿಡಿದಿಟ್ಟು ತಾನಾಗಿ ಕೂಡಲು ಬಿಡಬಹುದು, ನಿಮ್ಮ ಕಾಲಿಗೆ ಎರಡೂ ಆಗುತ್ತದೆ ಎಂದರು ಡಾಕ್ಟರು. ಹೊಲಿದರೆ ಗಾಯ ಕೀವಾಗುವ ಭಯ. ಹೊಲಿಯದಿದ್ದರೆ ಮತ್ತೆ ಹರಿಯುವ ಭಯ ಸ್ವಲ್ಪ ಜಾಸ್ತಿ. ನನ್ನಂಥವಳಿಗೆ ಎರಡು ಭಯ ಕೊಟ್ಟು ಒಂದನ್ನು ಆರಿಸಿಕೋ ಎಂದರೆ ಹೇಗೆ? ಒಂದೇ ಪ್ರಶ್ನೆಯನ್ನು ಆರೇಳು ರೀತಿಯಲ್ಲಿ ಕೇಳಿದೆ. ಅಷ್ಟರಲ್ಲಿ ಬಿ.ಸಿ.ರೋಡಿನ ಎಲೆಕ್ಟ್ರಿಕಲ್ ಅಂಗಡಿಗೆ ಬಾಗಿಲು ಹಾಕಿ ನಮ್ಮವರೂ ಬಂದು ಮುಟ್ಟಿದ್ದರು. "ವಯರ್ ತುಂಡಾದ್ರೆ ಎರಡು ತುದಿ ಸೇರಿಸಿ ಟೇಪ್ ಸುತ್ತುವುದಿಲ್ವಾ? ಹಾಗೇ" ಎಂದರು. ಅವರು ಟೇಪ್ ಸುತ್ತಿದ ವಯರುಗಳಲ್ಲಿ ಎಷ್ಟು ನನಗೆ ಶಾಕ್ ಹೊಡೆದಿವೆ ಎಂದು ಗೊತ್ತಿದ್ದೂ, ಅರಿವಳಿಕೆಯ ಹೆದರಿಕೆಯೇ ಗೆದ್ದು, ಆಪರೇಷನ್ ಬೇಡ ಎಂದೆ.

"ಹಾಗಾದ್ರೆ ಒಂದು ಮಾತು" ಎಂದರು ಡಾಕ್ಟರು. "ಮೊದಲು ಪ್ಲಾಸ್ಟರ್, ಆಮೇಲೆ ಬೂಟ್. ನಾನು ಹೇಳುವವರೆಗೆ ಬೂಟ್ ಇಲ್ಲದೆ ಒಂದು ಹೆಜ್ಜೆಯೂ ನೆಲಕ್ಕೆ ಊರ್ಬಾರ್ದು. ಒಂದು ಹೆಜ್ಜೆ ತಪ್ಪಿದ್ರೆ ಎಲ್ಲ ಮೊದಲಿಂದ ಶುರು. ಆಗ ಆಪರೇಷನ್ನೇ."

ಒಂದು ಹೆಜ್ಜೆ! ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಎರಡು ವಾರದ ಪ್ಲಾಸ್ಟರ್ ಕಳೆದು ಬಂದ ಬೂಟು ಮೊಣಕಾಲಿನ ಕೆಳಗಿನವರೆಗೆ ಬರುವ ಕಪ್ಪು ಕೋಟೆ. ಐದು ಪಟ್ಟಿ, ಎಳೆದರೆ ಚರ್ ಎಂದು ಬಿಡುವಂಥವು. ಹಿಮ್ಮಡಿಯ ಅಡಿಗೆ ಮೂರು ರಬ್ಬರಿನ ತುಂಡು. ದಿನ ಹೋದ ಹಾಗೆ ಒಂದೊಂದನ್ನೇ ತೆಗೆಯುವುದು. ಊರುಗೋಲೂ ಸೇರಿ ನನ್ನ ನಡೆ ಮೂರೂವರೆ ಕಾಲಿನದಾಯಿತು.

ಸಮಸ್ಯೆ ಬಂದದ್ದು ಹೊಸ್ತಿಲಲ್ಲಿ. ಮನೆಯೊಳಗೆ ಬೂಟು! ನಮ್ಮಲ್ಲಿ ಪೋಸ್ಟಿನವರೂ ಚಪ್ಪಲಿ ಹೊರಗೆ ಬಿಟ್ಟೇ ಚಾವಡಿಗೆ ಕಾಲಿಡುವುದು. ನಾನು ಅಂಗಳದಲ್ಲೇ ನಿಂತು ಅತ್ತೆಯ ಮುಖ ನೋಡಿದೆ. ಎಂಬತ್ತೆರಡರ ಅತ್ತೆ ಬೂಟನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಒಳಗೆ ಹೋಗಿ, ಒದ್ದೆ ಬಟ್ಟೆ ತಂದು ಮಗನ ಕೈಗೆ ಕೊಟ್ಟರು. "ಅಡಿ ಒರೆಸು. ಇದು ಚಪ್ಪಲಿ ಅಲ್ಲ, ಮದ್ದು. ಮದ್ದನ್ನು ಯಾರಾದ್ರೂ ಹೊರಗಿಡ್ತಾರಾ?" ಆದರೂ ದೇವರ ಕೋಣೆಗೆ ಮಾತ್ರ ನಾನೇ ಹೋಗಲಿಲ್ಲ, ಬಾಗಿಲಲ್ಲಿ ನಿಂತು ಕೈಮುಗಿಯುತ್ತಿದ್ದೆ. ದೂರದಿಂದ ಮಾಡಿದ ಪ್ರಾರ್ಥನೆ ತಲುಪುತ್ತದೋ ಇಲ್ಲವೋ ಎಂದು ಎರಡೆರಡು ಸಲ.

ಅತ್ತೆಗೆ ಒಂದೇ ಬೇಸರ. ಕುದಿಸಿಟ್ಟ ಎಣ್ಣೆಯಿಂದ ಕಾಲು ತಿಕ್ಕಲು ಡಾಕ್ಟರು ಬಿಡಲಿಲ್ಲ. "ಎಡಗಾಲು ಅವರದ್ದು. ಬಲಗಾಲು ಮುಟ್ಟಬೇಡ ಅಂತ ಹೇಳಿದ್ದಾರಾ?" ಎಂದು ಕೇಳಿ, ದಿನವೂ ಸಂಜೆ ನನ್ನ ಬಲಗಾಲನ್ನು ಹಿಡಿದು ತಿಕ್ಕಿದರು. ಏನೂ ಆಗದ ಆ ಕಾಲು ಹೊಳೆಯುತ್ತಾ ರಾಜಭೋಗದಲ್ಲಿತ್ತು.

ನನ್ನ ಮೆಡಿಕಲ್ ರಜೆ ಮುಗಿದ ಮೇಲೆ ಗಣಿತದ ಟೀಚರು ದಿನವೂ ಗೇಟಿನವರೆಗೇ ಕಾರು ತರುತ್ತಿದ್ದರು. ಹಾರ್ನ್ ಹೊಡೆದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು: "ಟೀಚರೇ, ಒದ್ದವಳು ಬಂದಿದ್ದಾಳೆ!" ಬೇರೆ ಶಾಲೆಯವರು ಏನಾಯ್ತು ಎಂದು ಕೇಳಿದರೆ ನಾನು ಬಾಯಿ ತೆರೆಯುವ ಮೊದಲೇ, "ನಾನು ಒದ್ದದ್ದು" ಎಂದು ಗಂಭೀರವಾಗಿ ಹೇಳುತ್ತಿದ್ದರು. ನಾನು ಎಷ್ಟು ಸಲ ಕ್ಷಮೆ ಕೇಳಿದರೂ, "ನಾನು ಅತ್ತ ಲೆಕ್ಕಕ್ಕೆ ಇನ್ನೂ ವೇಣೂರೂ ದಾಟಲಿಲ್ಲ, ಕೇಳ್ತಾ ಇರಿ" ಎನ್ನುವರು.

ಏಳನೇ ವಾರದ ಶನಿವಾರ. ಬೂಟಿನೊಳಗೆ ಒಂದೇ ರಬ್ಬರಿನ ತುಂಡು ಉಳಿದಿತ್ತು, ಊರುಗೋಲು ಬಿಟ್ಟಾಗಿತ್ತು. ಬೆಳಗಿನ ಶಾಲೆ ಮುಗಿಸಿ ನೇರ ಅವರ ಮನೆಗೆ ಊಟಕ್ಕೆ ಹೋದೆವು. ಅವರ ಯಜಮಾನರು ದುಬೈಯಿಂದ ರಜೆಯಲ್ಲಿ ಬಂದಿದ್ದರು, ನೈಚೋರು ಅನ್ನದ ತುಪ್ಪದ ಘಮ ಗೇಟಿಗೇ ಬಂದು ನಮ್ಮನ್ನು ಕರೆದುಕೊಂಡಿತು. ಟೀಚರು ಕಾರಿನಿಂದ ಪುಸ್ತಕದ ಚೀಲ ತೆಗೆದುಕೊಂಡು ಹಿಂಬಾಗಿಲಿನಿಂದ ಅಡುಗೆಮನೆಗೆ ನುಗ್ಗಿದರು. ನಾನು ಮುಂಬಾಗಿಲಿಗೆ ಹೋದೆ.

ಮೆಟ್ಟಿಲ ಬಳಿ ಸಾಲಾಗಿ ಚಪ್ಪಲಿಗಳು. ಒಳಗೆ ಆಗಷ್ಟೇ ಒರೆಸಿದ ಬಿಳಿ ಟೈಲ್ಸು. ಟೀಚರ ತಾಯಿ ಒಳಗಿನಿಂದ "ಬಾ ಮಗಾ, ಬಾ" ಎಂದರು. ನಾನು ಬಲಗಾಲಿನ ಚಪ್ಪಲಿ ಬಿಟ್ಟೆ. ಆಮೇಲೆ ಗೋಡೆ ಹಿಡಿದುಕೊಂಡು, ಬಗ್ಗಿ, ಬೂಟಿನ ಪಟ್ಟಿ ಬಿಚ್ಚಿದೆ. ಒಂದು, ಎರಡು, ಮೂರು, ನಾಲ್ಕು, ಐದು. ಐದು ಸಲ ಚರ್ ಎಂದಿತು. ನನ್ನ ಕಿವಿಗೆ ಬೀಳಲಿಲ್ಲ. ಗ್ಯಾಸ್ ಆಫ್ ಮಾಡಿದ್ದನ್ನು ನಾಲ್ಕು ಸಲ ನೋಡುವ ನಾನು, ಬೂಟನ್ನು ಬೇರೆ ಚಪ್ಪಲಿಗಳ ಪಕ್ಕ ನೀಟಾಗಿ ಜೋಡಿಸಿ, ಹೋಗುವಾಗ ಹಾಕಲು ಸುಲಭವಾಗಲಿ ಎಂದು ಮುಖ ಹೊರಗೆ ಮಾಡಿ ಇಟ್ಟು, ಬರಿಗಾಲಲ್ಲಿ ಒಳಗೆ ನಡೆದೆ. ಟೈಲ್ಸು ತಣ್ಣಗಿತ್ತು. ಎಷ್ಟು ಹಿತವಾಗಿದೆ ಎಂದುಕೊಂಡದ್ದೂ ನೆನಪಿದೆ.

ಶರಬತ್ತಿನ ತಟ್ಟೆ ಹಿಡಿದು ಎದುರು ಬಂದ ಟೀಚರು ನನ್ನ ಪಾದ ನೋಡಿ ನಿಂತುಬಿಟ್ಟರು.

"ಟೀಚರೇ. ನಿಮ್ಮ ಬೂಟ್ ಎಲ್ಲಿ?"

"ಹೊರಗೆ ಬಿಟ್ಟೆ" ಎಂದೆ, ಸಭ್ಯಳಾಗಿ. ಆಮೇಲೆ ಕೆಳಗೆ ನೋಡಿದೆ.

ಆಗ ಬಂದ ಕಿರುಚಾಟ ನನ್ನದೇ. ಎಡಗಾಲನ್ನು ಎತ್ತಿ ಕೊಕ್ಕರೆಯ ಹಾಗೆ ನಿಂತೆ. ಯಜಮಾನರು ಓಡಿ ಕುರ್ಚಿ ತಂದರು. ಟೀಚರ ತಾಯಿ, "ಎಷ್ಟು ಹೆಜ್ಜೆ ಬಂದಳು?" ಎಂದು ಕೇಳಿದರು. ಗಣಿತದ ಟೀಚರು ಬಾಗಿಲಿನಿಂದ ಅಳೆದರು. "ಎಡಗಾಲಿಂದು ಮೂರು." ಒಂದಕ್ಕೇ ಆಪರೇಷನ್, ಮೂರಕ್ಕೆ ಏನೋ!

"ನೋವುಂಟಾ?"

"ಇಲ್ಲ! ಆವತ್ತೂ ಅಷ್ಟೇನಿರಲಿಲ್ಲ!"

ನೈಚೋರು ಪಾತ್ರೆಯಲ್ಲೇ ಉಳಿಯಿತು. ಬೂಟು ಬಿಗಿದುಕೊಂಡು ಮತ್ತೆ ಅದೇ ಹಿಂದಿನ ಸೀಟು. ಸಿದ್ದಕಟ್ಟೆಯ ದಾರಿಯಾಗಿ ಮೂಡುಬಿದಿರೆ ಮುಟ್ಟುವವರೆಗೆ ನನ್ನ ಬಾಯಿ ಮುಚ್ಚಲಿಲ್ಲ. ಏಳು ವಾರ ಹೋಯಿತು, ಅತ್ತೆಗೆ ಹೇಗೆ ಹೇಳುವುದು, ಅರಿವಳಿಕೆ ಕೊಟ್ಟವರು ಎಚ್ಚರವಾಗದಿದ್ದರೆ ಒಂಬತ್ತನೆಯವರ ಪಾಠ ಯಾರು ಮುಗಿಸುತ್ತಾರೆ. ಈ ಸಲ ಅಳುತ್ತಿದ್ದದ್ದು ನಾನು.

"ಈ ಸಲ ಯಾರು ಒದ್ದದ್ದು ಟೀಚರೇ?" ಎಂದರು ಅವರು, ಕನ್ನಡಿಯಲ್ಲಿ ನೋಡುತ್ತಾ. ಆದರೆ ಕಾರಿನ ವೇಗ ಮಾತ್ರ ಕಡಿಮೆ ಮಾಡಲಿಲ್ಲ.

ಡಾಕ್ಟರು ವಿಷಯ ಕೇಳಿ ಹಣೆಗೆ ಕೈ ಇಟ್ಟುಕೊಂಡರು. "ಐದೂ ಪಟ್ಟಿ ನೀವೇ ಬಿಚ್ಚಿದ್ದಾ?"

"ಬೇರೆಯವರ ಮನೆ ಅಲ್ವಾ ಡಾಕ್ಟ್ರೇ" ಎಂದೆ.

ಕವುಚಿ ಮಲಗಿದೆ. ಕಣ್ಣು ಮುಚ್ಚಿದೆ. ಅವರು ಎಡ ಮೀನಖಂಡವನ್ನು ಹಿಂಡಿದ್ದು ಗೊತ್ತಾಯಿತು. ಇನ್ನೊಮ್ಮೆ ಹಿಂಡಿದರು. ನಾನು ಹರಕೆಗಳನ್ನು ಲೆಕ್ಕ ಹಾಕತೊಡಗಿದ್ದೆ.

"ಅಲ್ಲಾಡ್ತು!" ಗಣಿತದ ಟೀಚರು ಇಡೀ ಆಸ್ಪತ್ರೆಗೆ ಕೇಳುವಂತೆ ಕೂಗಿದರು. "ಟೀಚರೇ, ಅಲ್ಲಾಡ್ತು! ಡಾಕ್ಟ್ರೇ, ಇನ್ನೊಂದು ಸಲ ಹಿಂಡಿ, ವೀಡಿಯೋ ಮಾಡ್ತೇನೆ."

ಡಾಕ್ಟರು ಹಿಂಡಿದರು. ಆ ವೀಡಿಯೋ ಈಗಲೂ ನನ್ನ ಫೋನಿನಲ್ಲಿದೆ. ನನ್ನ ಒಣಗಿದ, ಸಪೂರವಾದ ಕಾಲು, ಅದರ ತುದಿಯಲ್ಲಿ ಪಾದ ಸಣ್ಣಗೆ, ಸ್ವಲ್ಪ ಗರ್ವದಿಂದಲೇ, ಹೌದು ಎನ್ನುತ್ತದೆ. ಮದುವೆಯ ವೀಡಿಯೋವನ್ನೂ ನಾನು ಅಷ್ಟು ಸಲ ನೋಡಿಲ್ಲ.

"ಗಟ್ಟಿಯಾಗಿ ಕೂಡಿದೆ" ಎಂದರು ಡಾಕ್ಟರು. "ಹಾಗಂತ ಇನ್ನೊಮ್ಮೆ ಬಿಚ್ಚಬೇಡಿ."

ಮೆಲ್ಕಾರಿಗೆ ಮರಳುವಾಗ ಸಂಜೆಯಾಗಿತ್ತು. ಬಾಗಿಲಿನಿಂದ ಊಟದ ಮೇಜಿನವರೆಗೆ ಟೀಚರ ತಾಯಿ ಹಳೆಯ ಬೆಡ್‌ಶೀಟ್ ಹಾಸಿ ಕಾಯುತ್ತಿದ್ದರು, ಮದುಮಗಳು ಬರುವ ಹಾಗೆ. "ಬೂಟಲ್ಲೇ ಬಾ. ನೆಲದ ಮಣ್ಣು ಒರೆಸಿದ್ರೆ ಹೋಗ್ತದೆ, ಹೋದ ಕಾಲು ಒರೆಸಿದ್ರೆ ಬರ್ತದಾ?" ಬಿಸಿ ಮಾಡಿದ ನೈಚೋರನ್ನು ನಾನು ಮೂರು ಸಲ ಬಡಿಸಿಕೊಂಡೆ. ಹೆಜ್ಜೆಗೊಂದರಂತೆ ಎಂದರು ಟೀಚರು.

ಬೂಟು ಬಿಟ್ಟ ಮೇಲೂ ಒಂದು ಬಾಕಿಯಿತ್ತು. ಎಡಗಾಲೊಂದರಲ್ಲೇ ನಿಂತು ಹಿಮ್ಮಡಿ ಎತ್ತಬೇಕು, ಅಲ್ಲಿಯವರೆಗೆ ಆಟ ಇಲ್ಲ ಎಂದಿದ್ದರು ಡಾಕ್ಟರು. ತಿಂಗಳುಗಟ್ಟಲೆ ಗೋಡೆ ಹಿಡಿದು ಪ್ರಯತ್ನಿಸಿದೆ. ಮುಖ ಏರುತ್ತಿತ್ತು, ಹುಬ್ಬು ಏರುತ್ತಿತ್ತು, ಹಿಮ್ಮಡಿ ಮಾತ್ರ ನೆಲ ಬಿಡುತ್ತಿರಲಿಲ್ಲ. ಹತ್ತನೆಯವರ ಪೂರ್ವಸಿದ್ಧತಾ ಪರೀಕ್ಷೆಯ ಸಮಯದಲ್ಲಿ, ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದಿ ಬೇಸತ್ತು ಎದ್ದು, ಕಪಾಟು ಹಿಡಿದು ಮತ್ತೆ ನಿಂತೆ. ಗಣಿತದ ಟೀಚರು ನನ್ನ ಹಿಂದೆ ನೆಲದ ಮೇಲೆ ಕೂತು, ಒಂದು ಉತ್ತರಪತ್ರಿಕೆಯನ್ನು ಹಿಮ್ಮಡಿಯ ಅಡಿಗೆ ತೂರಿಸಲು ನೋಡಿದರು.

"ಒಂದು ಹಾಳೆ ಹೋಯ್ತು ಟೀಚರೇ! ಇಳಿಸ್ಬೇಡಿ. ಬಂಡಲ್ ನೋಡುವ."

"ಬೇಗ ನೋಡಿ ಮಾರಾಯ್ತಿ, ನಡುಗ್ತಾ ಉಂಟು."

"ಬಂಡಲ್ ಹೋಯ್ತು! ನಿಲ್ಲಿ, ನಿಲ್ಲಿ, ಅದರ ಮೇಲೆ ಹಾಜರಿ ಪುಸ್ತಕ…"

ಹಾಜರಿ ಪುಸ್ತಕವೂ ಹೋಯಿತು. ನಾನು ಕಪಾಟು ಬಿಟ್ಟು ಕೈ ಮೇಲೆತ್ತಿದೆ, ಇಲ್ಲದ ಚೆಂಡನ್ನು ಹಿಡಿಯುವವಳಂತೆ. ಮುಂದಿನ ಕ್ರೀಡಾಕೂಟಕ್ಕೆ ಕೊನೆಯ ಸಾಲಿನಲ್ಲೇ ನಿಲ್ಲುತ್ತೇನೆ, ಹಿಂದೆ ಯಾರೂ ಇರುವುದು ಬೇಡ ಎಂದೆ.

"ಅದೆಲ್ಲ ಬೇಡ" ಎಂದರು ಅವರು ನೆಲದಿಂದಲೇ, ಹಾಜರಿ ಪುಸ್ತಕದ ಧೂಳು ಕೊಡವುತ್ತಾ. "ನಾನೇ ಹಿಂದೆ ನಿಲ್ತೇನೆ. ಬೈಲಿಕ್ಕೆ ಯಾರಾದ್ರೂ ಬೇಕಲ್ಲ ನಿಮಗೆ."